ನನ್ನ ಕಥೆಯ ಯುವರಾಜ ದಿನವಿಡೀ ಏನು ಮಾಡ್ತಾನೆ?

ಕೆಂಗಲ್ಲಿನ ಕಥೆ (ಬೀದರ್)

ಎಲ್ಲರಿಗೂ ನಮಸ್ಕಾರ. ನಾನು ಸಂಜೆ ಹೊತ್ತು ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ರಾತ್ರಿ ಕೂತು ಒಂದು ಕಾಲ್ಪನಿಕ ರಾಜ್ಯದ ಕಥೆ ಬರೆಯುತ್ತೇನೆ. ರಾಜ್ಯದ ಹೆಸರು ಕೆಂಗಲ್ಲು. ನಮ್ಮೂರಿನ ಹಾಗೇ ಕೆಂಪು ಜಂಬಿಟ್ಟಿಗೆ ಕಲ್ಲಿನ ನೆಲ, ಅದರಡಿ ನೀರಿನ ಸುರಂಗಗಳು. ನಮ್ಮೂರ ನೌಬಾದಿನ ಕರೇಜ್ (ನೆಲದಡಿ ನೀರು ಹರಿಸುವ ಹಳೇ ಸುರಂಗ) ನೋಡಿದವರಿಗೆ ನಾನು ಎಲ್ಲಿಂದ ಕದ್ದೆ ಅಂತ ಗೊತ್ತಾಗಿಬಿಡುತ್ತೆ! ಆ ನೀರು ಮಾತಾಡುತ್ತದೆ. ಆದರೆ ಪಟ್ಟಕ್ಕೆ ಬರಬೇಕಾದವನಿಗೆ ಮಾತ್ರ ಕೇಳಿಸುತ್ತದೆ.

ಯುವರಾಜನಿಗೆ 9 ವರ್ಷ. ಅಪ್ಪ ಇಲ್ಲ. ಮೂರು ಅಧ್ಯಾಯ ಬರೆದು ಟ್ಯೂಷನ್ನಿನ ಹುಡುಗಿಯೊಬ್ಬಳಿಗೆ ಓದಲು ಕೊಟ್ಟೆ. ಅವಳು ವಾಪಸ್ ಕೊಡುತ್ತಾ, "ಮೇಡಂ, ಇಂವ ಬರೇ ಕುದುರಿ ಹತ್ತತಾನ, ಇಳೀತಾನ. ಬ್ಯಾರೆ ಕೆಲಸ ಇಲ್ಲೇನ್ರಿ ಇವಂಗ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಗಾದಿ ಮೇಲೆ ಕೂತ ಚಿಕ್ಕ ಹುಡುಗನ ದಿನ ನಿಜಕ್ಕೂ ಹೇಗಿರುತ್ತೆ? ತಿಳಿದವರು ಹೇಳಿ.

ಹಳೇ ಬುರುಜು (ಕಲಬುರಗಿ)

ತಂಗಿ, ನೀವು ಇರೋ ಊರಲ್ಲೇ ಉತ್ತರ ಇದೆ. 1461ರಲ್ಲಿ ಬಹಮನಿ ಗಾದಿಗೆ ಬಂದ ನಿಜಾಂ ಶಾಹನಿಗೆ ಎಂಟು ವರ್ಷ. ಹೆಸರು ಅವನದು, ಆಡಳಿತ ಮೂವರದು: ತಾಯಿ, ಮಂತ್ರಿಗಳಾದ ಖ್ವಾಜಾ ಜಹಾನ್, ಮಹಮೂದ್ ಗವಾನ್. 1463ರಲ್ಲಿ ಹುಡುಗ ತೀರಿಕೊಂಡ. ಆಮೇಲೆ ತಮ್ಮ ಮೂರನೇ ಮುಹಮ್ಮದ್ ಶಾಹ ಬಂದ, ಅವನೂ ಹುಡುಗನೇ. ಗವಾನ್ ರಾಜ್ಯ ಬೆಳೆಸಿದ, ಬೀದರ್‌ನಲ್ಲಿ ಮದರಸಾ ಕಟ್ಟಿಸಿದ. ಕೊನೆಗೆ 1481ರಲ್ಲಿ ಯಾರೋ ಹುಟ್ಟಿಸಿದ ಸುಳ್ಳು ಪತ್ರ ನಂಬಿ, ಅದೇ ಮುಹಮ್ಮದ್ ಅವನ ತಲೆ ತೆಗೆಸಿದ. ಮರುವರ್ಷ ತಾನೂ ಸತ್ತ. ಮತ್ತೆ ಗಾದಿ ಮೇಲೆ ಇನ್ನೊಬ್ಬ ಹುಡುಗ!

ಹಾಗಾಗಿ ಕುದುರೆ ಬಿಡಿ. ಪತ್ರ ಬರೀರಿ. ನಿಮ್ಮ ಹುಡುಗನಿಗೆ ಓದಲು ಬರುತ್ತಾ? ಇಲ್ಲ ಅಂದರೆ ಯಾರು ಓದಿ ಹೇಳ್ತಾರೆ? ಮೊಹರು ಯಾರ ಕೈಯಲ್ಲಿದೆ? ನನಗೆ ಕೇಳಿದರೆ ಕತ್ತಿಗಿಂತ ಮೊಹರು ಜಾಸ್ತಿ ಭಯ ಹುಟ್ಟಿಸುತ್ತೆ.

ಪುಂಡಿಪಲ್ಯ

ಊಟ ಬರೀರಿ ಅಕ್ಕಾ. ಮೊದಲು ಬೇರೆಯವರು ತಿಂದು ನೋಡಬೇಕು, ಅಲ್ವಾ? ಅಂದಮೇಲೆ ಪಾಪ ಹುಡುಗನಿಗೆ ಬಿಸಿ ರೊಟ್ಟಿ ಸಿಗೋದೇ ಇಲ್ಲ.

ಇನ್ನೊಂದು. ಔತಣಕ್ಕೆ ಕರೆದರೆ ಹುಷಾರು. 1397ರಲ್ಲಿ ಕಲಬುರಗಿಯಲ್ಲಿ 17 ವರ್ಷದ ಬಹಮನಿ ಸುಲ್ತಾನ ಗಿಯಾಸುದ್ದೀನನನ್ನು ಅವನದೇ ಸರದಾರನೊಬ್ಬ ಔತಣಕ್ಕೆ ಕರೆದು ಕಣ್ಣು ಕೀಳಿಸಿದ. ಪಟ್ಟಕ್ಕೆ ಬಂದು ಎರಡು ತಿಂಗಳಾಗಿತ್ತು ಅಷ್ಟೇ.

ಗುಡ್ಡದ ಓಣಿ (ಸುರಪುರ)

ಎಲ್ಲರೂ ಬಹಮನಿಗೇ ಹೋದಿರಿ. ನಮ್ಮ ಸುರಪುರದ ವೆಂಕಟಪ್ಪ ನಾಯಕನನ್ನು ಮರೆತಿರಾ? ತಂದೆ ತೀರಿದಾಗ ಅವನು ಇನ್ನೂ ಸಣ್ಣವನು. ಬ್ರಿಟಿಷರ ಕಡೆಯಿಂದ ಮೆಡೋಸ್ ಟೇಲರ್ ಬಂದು ಕೂತ. ರಾಣಿ ಈಶ್ವರಮ್ಮನಿಗೂ ಅವನಿಗೂ ಆಗಿಬರುತ್ತಿರಲಿಲ್ಲ. ಹುಡುಗ ಮಾತ್ರ ಟೇಲರ್‌ನನ್ನು "ಅಪ್ಪಾ" ಅಂತಿದ್ದ. ಈ ಕಡೆ ಹೆತ್ತ ತಾಯಿ, ಆ ಕಡೆ ಅಪ್ಪ ಅನಿಸಿಕೊಂಡ ಪರದೇಶಿ. ನಡುವೆ ಮಗು. ನಿಮ್ಮ ಕಥೆಗೆ ಇದಕ್ಕಿಂತ ಏನು ಬೇಕ್ರಿ?

1853ರಲ್ಲಿ ಆಡಳಿತ ಹುಡುಗನ ಕೈಗೆ ಬಂತು. 1858ರಲ್ಲಿ ಅದೇ ಹುಡುಗ ಇಂಗ್ಲಿಷರ ಮೇಲೆ ಎದ್ದ, ಸೆರೆ ಸಿಕ್ಕ. ಹೈದರಾಬಾದಿನ ಸೆರೆಗೆ ಟೇಲರ್ ನೋಡಲು ಬಂದ. ಮರಣದಂಡನೆ ಕಡಿಮೆಯಾಗಿ ನಾಲ್ಕು ವರ್ಷದ ಸೆರೆಯಾಯಿತು. ಆದರೂ ಮದ್ರಾಸ್ ಕಡೆ ಸಾಗಿಸುವಾಗ ದಾರಿಯಲ್ಲೇ ಗುಂಡು ತಗುಲಿ ಸತ್ತ. ಟೇಲರ್ ಮಂಜಿಲ್ ಇವತ್ತೂ ನಮ್ಮ ಗುಡ್ಡದ ಮೇಲಿದೆ. ಚಿಕ್ಕವಳಿದ್ದಾಗ ಅಜ್ಜಿ ಅದನ್ನ ತೋರಿಸಿ, "ಅಪ್ಪ ಅಂದವರ ಮನಿ ನೋಡ, ಎಷ್ಟು ಎತ್ತರದಾಗ ಕಟ್ಯಾರ" ಅನ್ನುತ್ತಿದ್ದಳು.

ಕೆಂಗಲ್ಲಿನ ಕಥೆ (ಬೀದರ್)

ಸುರಪುರದ ಅಕ್ಕಾ, ನಿಮ್ಮ ಅಜ್ಜಿಯ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ. ಕುದುರೆಯ ಮೂರೂ ಅಧ್ಯಾಯ ತೆಗೆದುಹಾಕಿದೆ. ಸ್ವಲ್ಪ ಹೊಟ್ಟೆ ಉರಿಯಿತು, ಸುಳ್ಳು ಹೇಳಲ್ಲ.

ಈಗ ಕಥೆ ದರ್ಬಾರಿನಲ್ಲಿ ಶುರುವಾಗುತ್ತೆ. ಗಾದಿ ಎತ್ತರ, ಹುಡುಗನ ಕಾಲು ನೆಲ ಮುಟ್ಟಲ್ಲ. ಪಕ್ಕದಲ್ಲಿ ದಿವಾನ ಪತ್ರ ಓದುತ್ತಿದ್ದಾನೆ. ಅವನನ್ನು ಹುಡುಗ ಕಾಕಾ ಅಂತಾನೆ. ಕೆಳಗಿನ ಸುರಂಗದಿಂದ ನೀರು ಹೇಳುತ್ತೆ: ಪತ್ರದಲ್ಲಿ ಇರೋದು ಅದಲ್ಲ. ಹುಡುಗನಿಗೆ ಓದಲು ಬರಲ್ಲ. ಕಾಕಾ ಅವನ ಕೈ ಹಿಡಿದು ಮೊಹರಿನ ಮೇಲೆ ಇಡುತ್ತಾನೆ.

ಟ್ಯೂಷನ್ ಹುಡುಗಿಗೆ ಇಷ್ಟನ್ನೇ ಕೊಟ್ಟೆ. ಓದಿ, "ಒತ್ತತಾನೇನ್ರಿ ಮೇಡಂ?" ಅಂತ ಕೇಳಿದಳು.