ಕೇಂದ್ರದ ಮಸೂದೆಯಲ್ಲಿ ಜನ ಬಾಯಿ ಹಾಕೋದು ಯಾವ ಹಂತದಲ್ಲಿ?

ಪ್ರಶ್ನೆ: ಕರಡು ಕಾನೂನಿಗೆ ನಾವು ಅಭಿಪ್ರಾಯ ಕೊಡೋದು ಯಾವಾಗ? ಸಂಪುಟ ಒಪ್ಪಿದ ಮೇಲಾ?

ಉತ್ತರ 1: ಅಷ್ಟು ಹೊತ್ತಿಗೆ ತಡವಾಗಿರುತ್ತೆ. 2014ರ ಶಾಸನಪೂರ್ವ ಸಮಾಲೋಚನಾ ನೀತಿ ಪ್ರಕಾರ ಸಚಿವಾಲಯ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು. ಆಮೇಲೆ ಬೇರೆ ಸಚಿವಾಲಯಗಳ ಅಭಿಪ್ರಾಯ, ಕಾನೂನು ಸಚಿವಾಲಯದ ಪರಿಶೀಲನೆ, ಕೊನೆಗೆ ಸಂಪುಟದ ಒಪ್ಪಿಗೆ ಕೇಳುವ ಟಿಪ್ಪಣಿ.

ಉತ್ತರ 2: ಆ 30 ದಿನ ಬರೀ ನೀತಿ ಸರ್, ಕಾನೂನಲ್ಲ. ಅದನ್ನು ಹಾರಿಸಿಕೊಂಡೇ ಮಂಡನೆಯಾದ ಮಸೂದೆಗಳು ಬೇಕಾದಷ್ಟಿವೆ. ಮಸೂದೆ ಸಂಸತ್ತಿನ ಸ್ಥಾಯಿ ಸಮಿತಿಗೆ (ಮಸೂದೆ ಪರಿಶೀಲಿಸುವ ಸಂಸದರ ಸಮಿತಿ) ಹೋದರೆ ಇನ್ನೊಂದು ಅವಕಾಶ. ಆದರೆ ಕಳಿಸಲೇಬೇಕು ಅಂತೇನಿಲ್ಲ. ಅಭಿಪ್ರಾಯ ಬರೆಯುವಾಗ ಬರೀ ‘ವಿರೋಧವಿದೆ’ ಅಂದರೆ ಎಣಿಕೆಗಷ್ಟೇ ಬರುತ್ತೆ. ಕಲಂ ಸಂಖ್ಯೆ, ಈಗಿನ ಪದಗಳು, ಅವುಗಳ ಜಾಗಕ್ಕೆ ನಿಮ್ಮ ಪದಗಳು, ಎರಡು ಸಾಲು ಕಾರಣ: ಹೀಗೆ ಕೊಟ್ಟರೆ ಕರಡು ತಿದ್ದುವವರು ನೇರವಾಗಿ ಎತ್ತಿಕೊಳ್ಳಬಹುದು. ‘ಮಾಡಬಹುದು’ ಇದ್ದಲ್ಲಿ ‘ಮಾಡತಕ್ಕದ್ದು’ ಕೇಳಿ. ಅಧಿಕಾರಿಯ ಇಷ್ಟ ಹೋಗಿ ಹೊಣೆ ಆಗೋದು ಅಲ್ಲೇ.

ಉತ್ತರ 3: ಕಾಯ್ದೆಯಡಿ ಸರ್ಕಾರ ಆಮೇಲೆ ಬರೆಯುವ ನಿಯಮಗಳನ್ನು ಮರೀಬೇಡಿ, ಅವುಗಳ ಕರಡಿಗೂ ಅಭಿಪ್ರಾಯ ಕೊಡಿ. ‘ನಿಗದಿಪಡಿಸಬಹುದಾದಂತೆ’ ಅಂತ ಕಾಯ್ದೆಯಲ್ಲಿದ್ದರೆ ಅಸಲಿ ವಿಷಯ ಇನ್ನೂ ಬರೆದೇ ಇಲ್ಲ ಅಂತ ಅರ್ಥ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಆಗಸ್ಟಿನದು. ಕರಡು ನಿಯಮ ಹೊರಬಿದ್ದದ್ದೇ 2025ರ ಜನವರಿಯಲ್ಲಿ.