ಸಹಾಯ ಬೇಕು: ಗದ್ದೆ ಸೆನ್ಸರ್‌ಗಳ ಡೇಟಾ ಗೇಟ್‌ವೇ ಮುಟ್ಟುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಗಂಗಾವತಿ ಹತ್ರ, ಎಡದಂಡೆ ಕಾಲುವೆ ನೀರಿನ ನಮ್ಮ ಭತ್ತದ ಗದ್ದೆಗಳಲ್ಲಿ ನೀರಿನ ಮಟ್ಟ ಅಳೆಯೋಕೆ 40 ಜಿಗ್‌ಬೀ (ಕಡಿಮೆ ಬ್ಯಾಟರಿಯಲ್ಲಿ ನಡೆಯೋ ವೈರ್‌ಲೆಸ್) ಸೆನ್ಸರ್ ಹಾಕೀನಿ. 12 ಇದ್ದಾಗ ಸರಿ ಇತ್ತು. ಈಗ ದೂರದ ಮಡಿಗಳ ರೀಡಿಂಗ್ ಬರೋದೇ ಇಲ್ಲ. ಎಲ್ಲಾ ಡೇಟಾ ಗೇಟ್‌ವೇ (ಸೆನ್ಸರ್‌ಗಳ ಡೇಟಾ ಒಟ್ಟು ಮಾಡೋ ಸಾಧನ) ಪಕ್ಕದ ಎರಡು ನೋಡ್ (ಸೆನ್ಸರ್ ಘಟಕ) ದಾಟಿಯೇ ಹೋಗಬೇಕು, ಅವುಗಳ ಬ್ಯಾಟರಿಯೇ ಮೊದಲು ಖಾಲಿ ಆಗ್ತದೆ. ರೇಡಿಯೋ ವೇಗ ಸೆಕೆಂಡಿಗೆ 250 ಕಿಲೋಬಿಟ್ ಇದ್ರೂ, ಒಂದು ನೋಡ್ ಮಾತಾಡುವಾಗ ಸುತ್ತಲಿನವು ಸುಮ್ಮನಿರಬೇಕಲ್ಲ!

ಚಾನಲ್ ಬದಲಿಸಿದೆ, ಆಂಟೆನಾ ತೆನೆಗಿಂತ ಮೇಲೆ ಏರಿಸಿದೆ, 1 ನಿಮಿಷದ ಬದಲು 5 ನಿಮಿಷಕ್ಕೊಮ್ಮೆ ಕಳಿಸಿದೆ. ಸ್ವಲ್ಪ ಸುಧಾರಿಸ್ತು, ಅಷ್ಟೇ.

ಹತ್ತಿರದ ಸೆನ್ಸರ್‌ಗಳನ್ನ ಕ್ಲಸ್ಟರ್ (ಗುಂಪು) ಮಾಡಿ ಸರಾಸರಿ ಕಳಿಸಿದ್ರೆ ಹೊರೆ ಇಳೀತದೆ. ಆದ್ರೆ ಯಾವ ಮಡಿ ಒಣಗ್ತಿದೆ ಅನ್ನೋದು ಆ ಸರಾಸರಿಯಲ್ಲಿ ಮುಚ್ಚಿಹೋಗ್ತದೆ. ನನಗೆ ಬೇಕಿರೋದೇ ಅದು.

ಪ್ರತಿ ಮಡಿಯ ರೀಡಿಂಗೂ ಬೇಕಂದ್ರೆ ಕ್ಲಸ್ಟರ್‌ನಿಂದ ಉಪಯೋಗ ಇದೆಯಾ, ಇಲ್ಲ ಇನ್ನೊಂದು ಗೇಟ್‌ವೇ ಇಡೋದೊಂದೇ ದಾರಿಯಾ?