ನಡೆಯುವುದನ್ನು ಬಿಡಬೇಡ ಅತ್ತಿಗೆ, ಭಾರವನ್ನೂ ಎತ್ತು

ಅತ್ತಿಗೆ, ನಿನ್ನೆ ರಾತ್ರಿ ನೀನು ಗ್ರೂಪಿನಲ್ಲಿ ಹಾಕಿದ್ದನ್ನು ಈಗಷ್ಟೇ ನೋಡಿದೆ. ವಾಕಿಂಗ್ ಮುಗಿಸಿ ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಕೂತಿದ್ದೇನೆ. ಟೈಪ್ ಮಾಡುತ್ತ ಕೂತರೆ ಮುಗಿಯುವುದಿಲ್ಲ, ಅದಕ್ಕೇ ವಾಯ್ಸ್ ಕಳಿಸುತ್ತಿದ್ದೇನೆ. ಗಾಳಿಯ ಸದ್ದು ಬರುತ್ತದೆ, ಸ್ವಲ್ಪ ಜೋರಾಗಿ ಇಟ್ಟುಕೋ. ಉದ್ದ ಆಗುತ್ತದೆ. ಬೆಳಗಿನ ದೋಸೆ ಎರೆಯುತ್ತ ಕೇಳು.

ನಿನ್ನ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯ ಲೆಕ್ಕ, 6.2 ಬಂದಿದೆ. ಡಾಕ್ಟರು ದಿನಾ ನಡೆಯಲು ಹೇಳಿದ್ದಾರೆ, ವಾರಕ್ಕೆ ಎರಡು ಸಲ ಭಾರ ಎತ್ತುವ ವ್ಯಾಯಾಮವನ್ನೂ ಮಾಡಲು ಹೇಳಿದ್ದಾರೆ. ‘ಐವತ್ಮೂರು ವರ್ಷಕ್ಕೆ ಜಿಮ್ ಯಾಕೆ? ತೋಟಕ್ಕೆ ಹೋಗಿ ಬರುತ್ತೇನೆ, ಮನೆಗೆಲಸ ಇದ್ದೇ ಇದೆ. ಅಷ್ಟು ಸಾಲದಾ? ಭಾರ ಎತ್ತಿದರೆ ಮೊಣಕಾಲು ಹೋಗುವುದಿಲ್ವಾ?’ ಅಂತ ಕೇಳಿದ್ದೀಯ. ಅದರ ಕೆಳಗೆ ಅಣ್ಣ ತನ್ನ ಹತ್ತು ಸಾವಿರ ಹೆಜ್ಜೆಯ ಫೋಟೋ ಹಾಕಿ ‘ಇಷ್ಟು ನಡೆದರೆ ಬೇರೇನೂ ಬೇಡ’ ಅಂತ ಬರೆದಿದ್ದಾನೆ. ಕುಮಟೆಯ ಭಾವನೂ ಹೌದು ಅಂದಿದ್ದಾರೆ.

ಮೊದಲು 6.2ರ ವಿಷಯ. ಹೆದರಬೇಡ. 5.7ರಿಂದ 6.4ರವರೆಗೆ ಗಡಿ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ನೀನಿನ್ನೂ ಗಡಿಯ ಮೇಲಿದ್ದೀಯ. ಇಲ್ಲಿಂದ ಹಿಂದೆ ಬರಬಹುದು. ನಾನು ಬಂದಿದ್ದೇನೆ.

ಅಣ್ಣ ಹೇಳಿದ್ದು ಅರ್ಧ ಸರಿ. ಆ ಅರ್ಧವನ್ನೇ ನಂಬಿ ನಾನು ಒಂದೂವರೆ ವರ್ಷ ಇದೇ ದಂಡೆಯಲ್ಲಿ ನಡೆದೆ. ಚಪಲ್ ಯುದ್ಧನೌಕೆಯ ಹತ್ತಿರದಿಂದ ಕೋಡಿಬಾಗದ ಕಡೆಗೆ ಹೋಗಿ ವಾಪಸ್, ದಿನಾ ಮುಕ್ಕಾಲು ತಾಸು. ಒಳ್ಳೆಯದೇ ಆಯಿತು. ನಿದ್ದೆ ಸರಿಯಾಯಿತು, ಮೆಟ್ಟಿಲು ಹತ್ತುವಾಗಿನ ಏದುಸಿರು ಹೋಯಿತು. ಸಕ್ಕರೆ 6.1 ಇದ್ದದ್ದು 5.9ಕ್ಕೆ ಇಳಿಯಿತು. ಇನ್ನೇನು ಬೇಕು ಅಂದುಕೊಂಡಿದ್ದೆ.

ಈಗ ಹೇಳುವುದನ್ನು ನಿಮಗ್ಯಾರಿಗೂ ಹೇಳಿರಲಿಲ್ಲ. ಆಯಿಯೇ ಬೇಡ ಅಂದಿದ್ದಳು. ನಿನ್ನೆ ಫೋನಿನಲ್ಲಿ ಅವಳನ್ನು ಕೇಳಿ ಒಪ್ಪಿಸಿದ್ದೇನೆ. ಹೋದ ವರ್ಷದ ಹಿಂದಿನ ಶ್ರಾವಣದಲ್ಲಿ ಕಣ್ಣಿನ ಆಪರೇಷನ್ನಿಗೆ ಅಂತ ಆಯಿ ನಮ್ಮಲ್ಲಿಗೆ ಬಂದಿದ್ದಳಲ್ಲ, ಆಗ ನಡೆದದ್ದು. ಒಂದು ಮಧ್ಯಾಹ್ನ ಬಚ್ಚಲಲ್ಲಿ ತಲೆ ತಿರುಗಿದ ಹಾಗಾಗಿ ಗೋಡೆ ಹಿಡಿದು ಕೆಳಗೆ ಕೂತುಬಿಟ್ಟಿದ್ದಳು. ಬಿದ್ದಿರಲಿಲ್ಲ, ಪೆಟ್ಟೂ ಆಗಿರಲಿಲ್ಲ. ಆದರೆ ಏಳಲು ಆಗಲಿಲ್ಲ. ನಾನು ಹೋಗಿ ಕಂಕುಳಿಗೆ ಕೈ ಹಾಕಿ ಎತ್ತಿದೆ. ಒಂದು ಗೇಣೂ ಏಳಲಿಲ್ಲ. ಮತ್ತೆ ಎತ್ತಿದೆ. ನನ್ನ ತೊಡೆ ನಡುಗಿತು. ಆಯಿ ಇರುವುದೇ ನಲವತ್ತಾರು ಕಿಲೋ, ಅತ್ತಿಗೆ. ಹೊರಗೆ ಮಳೆ ಸುರಿಯುತ್ತಿತ್ತು. ಇವರು ಆಫೀಸಿನಲ್ಲಿ. ಪಕ್ಕದ ಮನೆಯವರನ್ನು ಕೂಗಿ, ಅವರು ಬರುವವರೆಗೆ ಆಯಿ ಒದ್ದೆ ನೆಲದ ಮೇಲೆಯೇ ಕೂತಿದ್ದಳು. ‘ಅಡ್ಡಿಲ್ಲೆ, ನೀನು ಗಾಬರಿಯಾಗಬೇಡ’ ಅಂತ ನನಗೇ ಸಮಾಧಾನ ಹೇಳುತ್ತಿದ್ದಳು.

ಅವತ್ತು ಬೆಳಿಗ್ಗೆ ಕೂಡ ನಾನು ಕೊಡೆ ಹಿಡಿದು ಮುಕ್ಕಾಲು ತಾಸು ನಡೆದಿದ್ದೆ. ಆ ನಡಿಗೆ ನನ್ನ ಎದೆಗೆ, ಉಸಿರಿಗೆ ಒಳ್ಳೆಯದು ಮಾಡಿತ್ತು. ಎತ್ತುವ ಬಲ ಕೊಟ್ಟಿರಲಿಲ್ಲ.

ಆಮೇಲೆ ನಮ್ಮ ಡಾಕ್ಟರು ಬಿಡಿಸಿ ಹೇಳಿದರು. ಮೂವತ್ತು ದಾಟಿದ ಮೇಲೆ ಹತ್ತು ಹತ್ತು ವರ್ಷಕ್ಕೆ ಸುಮಾರು 3ರಿಂದ 8 ಶೇಕಡಾ ಸ್ನಾಯು ಕರಗುತ್ತದಂತೆ. ತೂಕದ ಮೆಷಿನ್ನಿನಲ್ಲಿ ಅದು ಕಾಣುವುದಿಲ್ಲ, ಹೋದ ಸ್ನಾಯುವಿನ ಜಾಗಕ್ಕೆ ಕೊಬ್ಬು ಬಂದಿರುತ್ತದೆ. ಮುಟ್ಟು ನಿಂತ ಮೇಲೆ ನಮಗೆ ಮೂಳೆಯೂ ಬೇಗ ಸವೆಯುತ್ತದೆ. ನಿನ್ನ ಸಕ್ಕರೆಗೆ ಸಂಬಂಧ ಇರುವುದೂ ಇಲ್ಲೇ. ಉಂಡ ಅನ್ನದ ಸಕ್ಕರೆಯ ದೊಡ್ಡ ಪಾಲು ಹೋಗಿ ಸೇರುವ ಜಾಗ ಸ್ನಾಯು. ನಮ್ಮ ಮನೆಯ ಅಡಿಕೆ ಅಟ್ಟ ಇದ್ದ ಹಾಗೆ ಅಂದುಕೋ. ಅಟ್ಟ ಚಿಕ್ಕದಾದರೆ ಮೂಟೆಗಳೆಲ್ಲ ಜಗಲಿಯಲ್ಲೇ ಉಳಿಯುತ್ತವೆ. ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ನಿಗೆ ಕಾಯದೆ ತಾನಾಗಿಯೇ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಅದಕ್ಕೇ ಊಟ ಆದ ಮೇಲೆ ಹದಿನೈದು ನಿಮಿಷ ಅಂಗಳದಲ್ಲಿ ಓಡಾಡು ಅನ್ನುವುದು. ಇದನ್ನಂತೂ ಇವತ್ತಿನಿಂದಲೇ ಶುರು ಮಾಡು.

ಜಿಮ್ಮಿಗೆ ನಾನು ಹೋದದ್ದು ಆ ವರ್ಷ ದಸರಾ ಕಳೆದ ಮೇಲೆ. ಮೊದಲು ಸೇರಿದ ಕಡೆ ತಪ್ಪಾಯಿತು. ನಿನಗೆ ಹಾಗೆ ಆಗಬಾರದು ಅಂತ ಹೇಳುತ್ತೇನೆ. ವಯಸ್ಸೆಷ್ಟು, ಹಳೆಯ ನೋವಿದೆಯಾ, ಬಿಪಿ ಎಷ್ಟು, ಒಂದನ್ನೂ ಕೇಳಲಿಲ್ಲ. ಮೊದಲ ದಿನವೇ ಇಪ್ಪತ್ತರ ಹುಡುಗರ ಜೊತೆ ನಿಲ್ಲಿಸಿ ಹೆಗಲ ಮೇಲೆ ಕಂಬಿ ಇಟ್ಟು ಕೂತೇಳಿಸಿದರು. ಎರಡು ವಾರ ಸೊಂಟ ಹಿಡಿದು ಮಲಗಿದೆ. ಆಗಲೇ ಬಿಟ್ಟುಬಿಡುತ್ತಿದ್ದೆ. ಆಯಿ ನೆಲದ ಮೇಲೆ ಕೂತದ್ದು ಕಣ್ಣಿಗೆ ಕಟ್ಟುತ್ತಿತ್ತು, ಅದಕ್ಕೇ ಬಿಡಲಿಲ್ಲ.

ಎರಡನೆಯ ಜಿಮ್ಮಿನಲ್ಲಿ ಹೇಳಿಕೊಡುವವಳು ಒಬ್ಬ ಹುಡುಗಿ. ಮೊದಲ ದಿನ ಒಂದು ಕುರ್ಚಿ ತಂದಿಟ್ಟಳು. ಕೈ ಊರದೆ ಅರ್ಧ ನಿಮಿಷದಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ನೋಡೋಣ ಅಂದಳು. ಒಂಬತ್ತು ಆಯಿತು. ಪುಸ್ತಕದಲ್ಲಿ ತಾರೀಕು ಹಾಕಿ ಬರೆದುಕೊಂಡಳು. ಒಂದು ತಿಂಗಳು ಬರೀ ಅದೇ ಕುರ್ಚಿ, ಗೋಡೆಗೆ ಕೈ ಕೊಟ್ಟು ತಳ್ಳುವುದು, ಎರಡು ಕಿಲೋದ ಡಂಬೆಲ್. ಅಷ್ಟೇ.

ಬಗ್ಗಿ ಎತ್ತುವುದನ್ನು ಅವಳು ಕಲಿಸಿದ ರೀತಿ ನನಗೆ ತುಂಬ ಇಷ್ಟವಾಯಿತು. ಅವಳ ಅಜ್ಜ ರಂಪಣಿ, ಅಂದರೆ ದಂಡೆಯಿಂದ ಹತ್ತಾರು ಜನ ಸೇರಿ ಎಳೆಯುವ ದೊಡ್ಡ ಮೀನಿನ ಬಲೆ, ಎಳೆಯುತ್ತಿದ್ದವರು. ‘ದಂಡೆಯಲ್ಲಿ ಬಲೆ ಎಳೆಯುವವರನ್ನು ನೋಡಿದ್ದೀರಲ್ಲ ಆಂಟಿ, ಯಾರಾದರೂ ಬರೀ ಕೈಯಲ್ಲಿ ಎಳೆಯುತ್ತಾರಾ?’ ಅಂದಳು. ನಿಜ. ಹಿಮ್ಮಡಿಯನ್ನು ಮರಳಿಗೆ ಒತ್ತುತ್ತಾರೆ. ಸೊಂಟ ಹಿಂದಕ್ಕೆ ಬಿಟ್ಟು, ಬೆನ್ನು ನೇರ ಇಟ್ಟು, ಮೈಯನ್ನೇ ಹಿಂದಕ್ಕೆ ವಾಲಿಸುತ್ತಾರೆ. ಹಗ್ಗ ಕೈಯಲ್ಲಿರುತ್ತದೆ, ಎಳೆಯುವುದು ಕಾಲು ಮತ್ತು ಪೃಷ್ಠ. ಮರುದಿನ ಬೆಳಿಗ್ಗೆ ಅದನ್ನೇ ನೋಡುತ್ತ ನಿಂತೆ. ಇಷ್ಟು ವರ್ಷ ಪಕ್ಕದಲ್ಲೇ ಹಾದು ಹೋಗಿದ್ದೆ, ಗಮನಿಸಿಯೇ ಇರಲಿಲ್ಲ. ನೆಲದಿಂದ ಏನು ಎತ್ತುವುದಿದ್ದರೂ ಈಗ ನನಗೆ ಬಲೆ ಎಳೆಯುವವರ ಆ ಸಾಲು ನೆನಪಾಗುತ್ತದೆ. ಆಯಿಯನ್ನು ಎತ್ತುವಾಗ ನಾನು ಸೊಂಟ ಬಾಗಿಸಿ ಬರೀ ಕೈಯಲ್ಲಿ ಎಳೆದಿದ್ದೆ.

ಮೊಣಕಾಲಿನ ಭಯ ನನಗೂ ಇತ್ತು. ಮೆಟ್ಟಿಲು ಇಳಿಯುವಾಗ ಬಲಗಾಲು ಚುಳ್ ಅನ್ನುತ್ತಿತ್ತು. ತೊಡೆಯ ಮುಂದಿನ ಸ್ನಾಯು ಗಟ್ಟಿಯಾದರೆ ಮೊಣಕಾಲಿನ ಮೇಲೆ ಬೀಳುವ ಹೊರೆಯನ್ನು ಅದು ಹಂಚಿಕೊಳ್ಳುತ್ತದೆ. ನಾಲ್ಕು ತಿಂಗಳಿಗೆ ನನ್ನ ನೋವು ಹೋಯಿತು. ಗಂಟು ತೀರಾ ಸವೆದವರದ್ದು ಬೇರೆ ಮಾತು, ಅವರು ಡಾಕ್ಟರಿಗೆ ತೋರಿಸಿಯೇ ಶುರು ಮಾಡಬೇಕು. ವ್ಯಾಯಾಮದ ಮರುದಿನ, ಮೂರನೆಯ ದಿನ ತೊಡೆ ತೋಳು ನೋಯುವುದು ಸಹಜ, ಹೆದರಬೇಡ. ಗಂಟಿನ ಒಳಗೆ ಚುಚ್ಚಿದ ಹಾಗಾದರೆ ಆ ವ್ಯಾಯಾಮ ನಿಲ್ಲಿಸು. ಎದೆ ಹಿಡಿದರೆ, ತಲೆ ತಿರುಗಿದರೆ ಎಲ್ಲವನ್ನೂ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗು. ಇನ್ನೊಂದು, ಎತ್ತುವಾಗ ಉಸಿರು ಕಟ್ಟಬಾರದು, ಬಿಡಬೇಕು. ಉಸಿರು ಕಟ್ಟಿದರೆ ಬಿಪಿ ಏರುತ್ತದೆ. ಭಾವ, ಇದು ನಿಮಗೂ ಹೇಳಿದ್ದು, ನೀವು ಬಿಪಿ ಮಾತ್ರೆಯಲ್ಲಿದ್ದೀರಿ.

ಮನೆಗೆಲಸ ಸಾಲದಾ ಅಂದೆಯಲ್ಲ. ನೀನು ಎಷ್ಟು ದುಡಿಯುತ್ತೀಯ ಅಂತ ನನಗೆ ಗೊತ್ತು. ನಾನೂ ಅದೇ ಮನೆಯಲ್ಲಿ ಹುಟ್ಟಿದವಳು. ಆದರೆ ಯೋಚನೆ ಮಾಡು. ಹೊತ್ತು ತರುವ ಕೊಡಪಾನ ಇಪ್ಪತ್ತು ವರ್ಷದಿಂದ ಅದೇ ತೂಕದ್ದು. ಮೈ ಅದಕ್ಕೆ ಒಗ್ಗಿಹೋಗಿದೆ. ಸ್ನಾಯು ಬೆಳೆಯಬೇಕಾದರೆ ಹೊರೆ ಸ್ವಲ್ಪ ಸ್ವಲ್ಪ ಏರುತ್ತ ಹೋಗಬೇಕು. ಹತ್ತು ಸಲ ಎತ್ತಿದರೆ ಕೊನೆಯ ಎರಡು ಕಷ್ಟ ಅನ್ನಿಸಬೇಕು. ಸುಲಭ ಆಯಿತು ಅಂದ ದಿನ ತೂಕ ಏರಿಸಬೇಕು. ಅಡಿಕೆ ಸುಲಿಯಲು ಕೂತರೆ ಮೂರು ತಾಸು ಬಗ್ಗಿಯೇ ಇರುತ್ತೀಯ. ಅದು ದಣಿವು, ಬಲ ಅಲ್ಲ. ತೋಟದಿಂದ ಮನೆಗೆ ಹತ್ತುವ ಏರು ಮಾತ್ರ ನಿನಗಿರುವ ದೊಡ್ಡ ಭಾಗ್ಯ. ನನಗಿಲ್ಲಿ ಅಂಥದ್ದಿಲ್ಲ. ಅದನ್ನು ನಿಲ್ಲದೆ, ಸ್ವಲ್ಪ ಬಿರುಸಾಗಿ ಹತ್ತು. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ವೇಗ ಸಾಕು.

ಅಣ್ಣನಿಗೆ ಒಂದು ಮಾತು. ಹತ್ತು ಸಾವಿರ ಅನ್ನುವ ಲೆಕ್ಕ ಡಾಕ್ಟರುಗಳು ಕೂತು ಹಾಕಿದ್ದಲ್ಲ. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಿತು. ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಅಂತಲೇ ಅದರ ಹೆಸರು. ಲೆಕ್ಕ ಜಗತ್ತಿಗೆಲ್ಲ ಹಬ್ಬಿದ್ದು ಅಲ್ಲಿಂದ. ನೀನು ನಡೆಯುವುದನ್ನು ಕಡಿಮೆ ಮಾಡು ಅನ್ನುತ್ತಿಲ್ಲ, ಅಣ್ಣಾ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವುದು ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆಯಂಥದ್ದು, ಅದರ ಜೊತೆಗೆ ವಾರಕ್ಕೆ ಕಡಿಮೆ ಅಂದರೂ ಎರಡು ದಿನ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ. ಆ ಎರಡನೆಯ ಮಾತನ್ನು ನಾವು ಯಾರೂ ಕಿವಿಗೆ ಹಾಕಿಕೊಂಡಿಲ್ಲ. ನೀನು ಬೇಡ ಅಂದರೆ ಅತ್ತಿಗೆ ಹೋಗುವುದಿಲ್ಲ. ಅದಕ್ಕೇ ನಿನಗೂ ಹೇಳುತ್ತಿದ್ದೇನೆ.

ಊಟದ್ದು ಬೇಗ ಹೇಳಿಬಿಡುತ್ತೇನೆ. ನಮ್ಮ ಮನೆಗಳಲ್ಲಿ ಅನ್ನ, ತಂಬುಳಿ, ಸಾರು ಹೊಟ್ಟೆ ತುಂಬಿಸುತ್ತವೆ, ಪ್ರೋಟೀನ್ ಕಡಿಮೆ. ಅರವತ್ತು ಕಿಲೋ ಇದ್ದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಬೇಕು. ಮೊಳಕೆ ಹೆಸರುಕಾಳು, ಕಡಲೆ, ಗಟ್ಟಿ ಮೊಸರು ದಿನಾ ಇರಲಿ. ತಟ್ಟೆಯಲ್ಲಿ ಮೊದಲು ಪಲ್ಯ, ಕಾಳು, ಆಮೇಲೆ ಅನ್ನ. ಪ್ರೋಟೀನ್ ಪೌಡರ್ ನಾನು ತೆಗೆದುಕೊಂಡಿಲ್ಲ.

ಹದಿನಾರು ತಿಂಗಳಾಯಿತು. ತೂಕ ಇಳಿದದ್ದು ಮೂರೇ ಕಿಲೋ. ಆದರೆ ಹೊಟ್ಟೆಯ ಸುತ್ತಳತೆ 94 ಸೆಂಟಿಮೀಟರ್ ಇದ್ದದ್ದು 86. ನಮ್ಮ ಹೆಂಗಸರಿಗೆ 80ರ ಒಳಗಿರಬೇಕು, ಇನ್ನೂ ದಾರಿ ಇದೆ. ಸಕ್ಕರೆ 5.6. ಕುರ್ಚಿಯಿಂದ ಏಳುವುದು ಹದಿನೇಳು. ಮಧ್ಯೆ ಮೂರು ತಿಂಗಳು ಯಾವ ಲೆಕ್ಕವೂ ಅಲುಗಾಡಲಿಲ್ಲ, ಆಗ ಅತ್ತಿದ್ದೇನೆ. ಆ ಹುಡುಗಿ ಹಳೆಯ ಪುಟ ತೆಗೆದು ಒಂಬತ್ತು ಅಂತ ಬರೆದದ್ದನ್ನು ತೋರಿಸಿದಳು.

ಈ ಸಂಕ್ರಾಂತಿಗೆ ಆಯಿ ಬಂದಿದ್ದಾಗ ದಂಡೆಗೆ ಕರೆದುಕೊಂಡು ಬಂದೆ. ಮರಳಿನ ಮೇಲೆ ಕೂರಬೇಕು ಅಂದಳು. ನನ್ನ ಎದೆ ಧಸಕ್ಕೆಂದಿತು. ಕೂರಿಸಿದೆ. ದೇವಗಡದ ದೀಪಸ್ತಂಭ ಹೊತ್ತಿಕೊಳ್ಳುವವರೆಗೆ ಕೂತಿದ್ದೆವು. ಆಮೇಲೆ ನಾನು ಎದುರಿಗೆ ಬಂದು, ಕಾಲು ಅಗಲಿಸಿ, ಹಿಮ್ಮಡಿ ಒತ್ತಿ, ಅವಳ ಎರಡೂ ತೋಳಿನ ಕೆಳಗೆ ಕೈ ಹಾಕಿ ಎದ್ದೆ. ಒಂದೇ ಸಲಕ್ಕೆ ಬಂದಳು. ‘ಗಟ್ಟಿಯಾಜೆ ತಂಗಿ’ ಅಂದಳು. ಸೀರೆಯ ಮರಳು ಕೊಡವಿ ನಡೆದೆವು.

ಇನ್ನು ಒಂದೂವರೆ ತಿಂಗಳಿಗೆ ಮಳೆ ಹಿಡಿಯುತ್ತದೆ. ಆಮೇಲೆ ಶಿರಸಿಯಲ್ಲಿ ನೀನು ನಾಲ್ಕು ತಿಂಗಳು ಹೊರಗೆ ನಡೆಯುವುದು ಕಷ್ಟ, ಜಾರುತ್ತದೆ ಬೇರೆ. ಅಷ್ಟರೊಳಗೆ ಶುರು ಮಾಡಿದರೆ ಮಳೆಗಾಲದಲ್ಲಿ ಒಳಗಿನ ವ್ಯಾಯಾಮ ಕೈಗೆ ಹತ್ತಿರುತ್ತದೆ. ಭಾನುವಾರ ಮೊದಲ ಬಸ್ಸಿಗೆ ಹೊರಟು ಬರುತ್ತೇನೆ. ಜಗಲಿಯಲ್ಲಿರುವ ಆ ಕೈ ಇಲ್ಲದ ಮರದ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡು. ನೀನು, ಅಣ್ಣ ಇಬ್ಬರೂ ಎದ್ದು ಕೂರಿ, ನಾನು ಎಣಿಸುತ್ತೇನೆ. ಸಂಖ್ಯೆಯನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯೋಣ. ಸೋಮವಾರ ಪೇಟೆಗೆ ಹೋಗಿ ಎರಡು ಮೂರು ಜಿಮ್ ನೋಡಿ ಬರೋಣ. ನಿನ್ನ ಬಿಪಿ, ಹಳೆಯ ನೋವು ಕೇಳದವರ ಹತ್ತಿರ ದುಡ್ಡು ಕಟ್ಟುವುದು ಬೇಡ. ಆಯಿಗೂ ಹೇಳು, ಅವಳು ಕುರ್ಚಿಯ ಪಕ್ಕ ಕಂಬ ಹಿಡಿದುಕೊಂಡು ಮೂರು ಸಲ ಎದ್ದರೆ ಸಾಕು. ನಾನು ಹಿಂದೆಯೇ ನಿಂತಿರುತ್ತೇನೆ.